ಗಾಂಜಾ ಸಸಿಯ ಎಲೆ ಮೇಲೆ ರವೆ ಉದುರಿಸಿದ ಹಾಗೆ ಚುಕ್ಕಿ, ಏನಿದು?

ತೋಟಬಿಟ್ಟವ

ಎಲ್ಲರಿಗೂ ನಮಸ್ಕಾರ. ನಾನಿರುವುದು ಕೆನಡಾದ ಮಿಸ್ಸಿಸಾಗದಲ್ಲಿ. ನಮ್ಮ ಒಂಟಾರಿಯೋ ಪ್ರಾಂತ್ಯದಲ್ಲಿ ಮನೆಗೆ ನಾಲ್ಕು ಗಾಂಜಾ ಗಿಡ ಬೆಳೆಸಲು 2018ರಿಂದ ಕಾನೂನಿನ ಒಪ್ಪಿಗೆ ಇದೆ. ಹಾಗಾಗಿ ದಯವಿಟ್ಟು ಬುದ್ಧಿ ಹೇಳಬೇಡಿ, ಆ ಕೆಲಸ ನನ್ನ ಹೆಂಡತಿ ಆಗಲೇ ಮುಗಿಸಿದ್ದಾಳೆ. "ತೀರ್ಥಹಳ್ಳಿಯ ಅಡಿಕೆ ತೋಟ ಬಿಟ್ಟು ಬಂದು ಬೇಸ್‌ಮೆಂಟಲ್ಲಿ ಭಂಗಿ ಬೆಳೀತೀರಲ್ಲ, ಮಾವನವರಿಗೆ ಏನಂತ ಹೇಳಲಿ?"

ಮೂರು ಸಸಿ ಇವೆ. 24 ದಿನ ಆಯ್ತು, ಒಂದು ಗೇಣು ಎತ್ತರ. ಎರಡರಲ್ಲಿ ಕೆಳಗಿನ ಎಲೆಗಳ ಮೇಲೆ ಸಣ್ಣ ಬಿಳಿ ಚುಕ್ಕಿ. ಚಿರೋಟಿ ರವೆ ಉದುರಿಸಿದ ಹಾಗೆ, ಒರೆಸಿದರೆ ಹೋಗಲ್ಲ. ಕ್ಯಾಲ್ಸಿಯಂ ಕಮ್ಮಿ ಅಂತ ಎಲ್ಲೋ ಓದಿ ಹಾಕಿದೆ, ಏನೂ ಆಗಲಿಲ್ಲ. ನೀರು ಹಾಕಿದಾಗ ಮಣ್ಣಿನಿಂದ ಪುಟ್ಟ ಕಪ್ಪು ನೊಣ ಏಳುತ್ತವೆ. ಅವೇ ಕಳ್ಳರು ಅಂತ ನನ್ನ ಅನುಮಾನ. ಬೇವಿನ ಎಣ್ಣೆ ಬಾಟಲಿ ಹಿಡಿದು ನಿಂತಿದ್ದೇನೆ. ಹೊಡೆಯಲಾ?

ತಾರಸಿ ತರಕಾರಿ, ಬೆಂಗಳೂರು

ಸರ್, ಈ ಗಿಡ ಇಲ್ಲಿ ಬೆಳೆದರೆ ಜೈಲು, ಅದಕ್ಕೇ ಅನುಭವ ಇಲ್ಲ 😀 ನಮ್ಮ ಮೆಣಸಿನ ಗಿಡಕ್ಕೆ ತಂಬಾಕು ನೆನೆಸಿದ ನೀರು ಹೊಡೀತೀವಿ. ಯಾವ ಹುಳ ಇದ್ದರೂ ಖಾಲಿ. ಒಂದ್ಸಲ ಮಾಡಿ ನೋಡಿ.

ಗಾಜಿನಮನೆ ಅಕ್ಕ

ತಂಬಾಕು ನೀರು ಬೇಡವೇ ಬೇಡ. ಅದರಲ್ಲಿರುವುದು ನಿಕೋಟಿನ್, ಹೊಡೆಯುವವರಿಗೂ ವಿಷ. ನಾನು ಲೆಮಿಂಗ್ಟನ್‌ನಲ್ಲಿ ಟೊಮೆಟೊ, ಸೌತೆಕಾಯಿಯ ಗ್ರೀನ್‌ಹೌಸಲ್ಲಿ ಕೆಲಸ ಮಾಡುತ್ತೇನೆ. ಬೆಳಗ್ಗೆಯಿಂದ ಸಂಜೆವರೆಗೆ ಎಲೆ ಮಗುಚಿ ಹುಳ ಹುಡುಕುವುದೇ ನನ್ನ ಕೆಲಸ.

ಅಣ್ಣಾ, ನೊಣವನ್ನು ಈ ಕೇಸಿಂದ ಬಿಟ್ಟುಬಿಡಿ. ಅದು ಫಂಗಸ್ ನ್ಯಾಟ್. ಅದರ ಮರಿ ಒದ್ದೆ ಮಣ್ಣಲ್ಲಿರುತ್ತದೆ. ಜಾಸ್ತಿಯಾದರೆ ಎಳೆ ಬೇರು ಕಚ್ಚುತ್ತದೆಯೇ ಹೊರತು ಎಲೆಗೆ ಚುಕ್ಕಿ ಇಡುವುದಿಲ್ಲ. ನೀವು ನೀರು ಜಾಸ್ತಿ ಹಾಕುತ್ತಿದ್ದೀರಿ ಅಂತ ಮಾತ್ರ ಅದು ಹೇಳುತ್ತಿದೆ. ಮೇಲ್ಮಣ್ಣು ಒಣಗಲು ಬಿಡಿ, ಕುಂಡಕ್ಕೊಂದು ಹಳದಿ ಅಂಟು ಪಟ್ಟಿ ಸಿಕ್ಕಿಸಿ.

ಚುಕ್ಕಿಗೆ ಇಬ್ಬರ ಮೇಲೆ ಅನುಮಾನ. ಥ್ರಿಪ್ಸ್ ಆದರೆ ಬೆಳ್ಳಿ ಬಣ್ಣದ ಗೀರು ಇರುತ್ತದೆ, ಅದರ ಮೇಲೆ ಗಸಗಸೆಗಿಂತ ಚಿಕ್ಕ ಕಪ್ಪು ಹಿಕ್ಕೆ. ಬಿಡಿ ಬಿಡಿ ಚುಕ್ಕಿ ಆದರೆ ಮೈಟ್ ನುಸಿ. ಎಲೆ ಕೆಳಗೆ ಬಿಳಿ ಹಾಳೆ ಹಿಡಿದು ಎರಡು ಸಲ ತಟ್ಟಿ. ಬಿದ್ದ ಧೂಳನ್ನು ಅರ್ಧ ನಿಮಿಷ ಸುಮ್ನೆ ನೋಡಿ. ಉದ್ದನೆಯ ಹಳದಿ ಹುಳ ಓಡಿದರೆ ಥ್ರಿಪ್ಸ್. ಧೂಳೇ ನಿಧಾನಕ್ಕೆ ನಡೆದರೆ ನುಸಿ. ಬೇವಿನ ಎಣ್ಣೆ ಸದ್ಯಕ್ಕೆ ಕೆಳಗಿಡಿ.

ತೋಟಬಿಟ್ಟವ

ಧೂಳು ನಡೀತು ಅಕ್ಕಾ! ಮಗಳ ಭೂತಗನ್ನಡಿ ತಂದು ನೋಡಿದೆ. ತಿಳಿಹಳದಿ ಮೈ, ಎರಡೂ ಪಕ್ಕ ಒಂದೊಂದು ಕಪ್ಪು ಮಚ್ಚೆ. ಎಲೆಯ ಅಡಿಯಲ್ಲಿ ನರದ ಪಕ್ಕ ಗುಂಡಗಿನ ಮೊಟ್ಟೆಗಳೂ ಇವೆ, ಸಾಬೂದಾನಿ ತರ. ಆದರೆ ಹೊಸ ಮಣ್ಣು, ಹೊಸ ಕುಂಡ, ಬೀಜದಿಂದ ಬೆಳೆದ ಸಸಿ. ಹೊರಗೆ ಹಿಮ. ಎಲ್ಲಿಂದ ಬಂತು ಇದು?

ಗಾಜಿನಮನೆ ಅಕ್ಕ

ಎರಡು ಮಚ್ಚೆ ಅಂದರೆ ಅದೇ ಆಸಾಮಿ, ಟೂ-ಸ್ಪಾಟೆಡ್ ಸ್ಪೈಡರ್ ಮೈಟ್ ಅನ್ನುವ ನುಸಿ. ಬೇಸಿಗೆಯಲ್ಲಿ ನಿಮ್ಮೂರ ಅಡಿಕೆ ಸಸಿಗೆ ಕೆಂಪು ನುಸಿ ಬರುತ್ತಲ್ಲ, ಅದರ ನೆಂಟ. ಎಂಟು ಕಾಲು, ಜೇಡನ ಬಳಗ. ಅದಕ್ಕೇ ಕೀಟದ ಔಷಧಿ ಎಷ್ಟೋ ಸಲ ಇದಕ್ಕೆ ನಾಟುವುದಿಲ್ಲ.

ಒಂದು ಮಾತು ಕೇಳುತ್ತೇನೆ. ಮನೆಯಲ್ಲಿ ಕರಿಬೇವಿನ ಕುಂಡ ಎಲ್ಲಿಟ್ಟಿದ್ದೀರಿ?

ತೋಟಬಿಟ್ಟವ

ಅಯ್ಯೋ. ಅಕ್ಟೋಬರ್‌ನಲ್ಲಿ ಹೊರಗಿಂದ ತಂದು ಬೇಸ್‌ಮೆಂಟಲ್ಲೇ ಇಟ್ಟೆವು, ಬಿಸಿಗಾಳಿ ಬರುವ ಕಿಂಡಿ ಪಕ್ಕ. ಬೆಚ್ಚಗಿರಲಿ ಅಂತ. ಈಗ ಹೋಗಿ ನೋಡಿದೆ. ಎಲೆ ಸಂದಿಯಲ್ಲಿ ಬಲೆ ಕಟ್ಟಿದೆ.

ಗಾಜಿನಮನೆ ಅಕ್ಕ

ಕನ್ನಡದವರ ಮನೆ ಅಂದ ಕೂಡಲೇ ಕರಿಬೇವಿನ ಮೇಲೇ ಅನುಮಾನ ಬಂತು. ಬಿಸಿ, ಒಣ ಗಾಳಿ ಸಿಕ್ಕರೆ ನುಸಿಗೆ ಹಬ್ಬ. ಮೊಟ್ಟೆಯಿಂದ ದೊಡ್ಡದಾಗಲು ಒಂದು ವಾರ ಸಾಕು.

ಮೊದಲು ಕರಿಬೇವನ್ನು ಬೇರೆ ಕೋಣೆಗೆ ಸಾಗಿಸಿ. ಸಸಿಗಳಲ್ಲಿ ಚುಕ್ಕಿ ಜಾಸ್ತಿ ಇರುವ ಕೆಳಗಿನ ಎಲೆ ಕಿತ್ತು, ಚೀಲದಲ್ಲಿ ಕಟ್ಟಿ ಬಿಸಾಕಿ. ಉಳಿದ ಎಲೆಯ ಅಡಿಭಾಗವನ್ನು ತಣ್ಣೀರಲ್ಲಿ ತೊಳೆಯಿರಿ. ಸಸಿ ಮುರಿಯದ ಹಾಗೆ ಕಾಂಡಕ್ಕೆ ಎರಡು ಬೆರಳಿನ ಆಸರೆ ಕೊಡಿ. ಆಮೇಲೆ ಗಿಡಕ್ಕೆಂದೇ ಮಾರುವ ಕೀಟನಾಶಕ ಸೋಪು, ಲೇಬಲ್‌ನಲ್ಲಿ ಬರೆದ ಅಳತೆಯಲ್ಲೇ. ಪಾತ್ರೆ ತೊಳೆಯುವ ಸೋಪು ಬೇಡ, ಎಳೆ ಎಲೆ ಸುಡುತ್ತದೆ. ಗಿಡದ ಮೇಲಿನ ದೀಪ ಆರಿಸಿಯೇ ಹೊಡೆಯಿರಿ. ಸೋಪು ತಾಗಿದ ನುಸಿ ಮಾತ್ರ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ. ಅದಕ್ಕೇ ನಾಲ್ಕು ದಿನಕ್ಕೊಮ್ಮೆಯಂತೆ ಮೂರು ನಾಲ್ಕು ಸಲ. ಜನ ಸೋಲುವುದೇ ಇಲ್ಲಿ. ಒಂದು ಸಲ ಹೊಡೆದು ಗೆದ್ದೆ ಅಂದುಕೊಳ್ಳುತ್ತಾರೆ.

ಬೇವಿನ ಎಣ್ಣೆ ಕೆನಡಾದಲ್ಲಿ ಕೀಟನಾಶಕವಾಗಿ ನೋಂದಣಿ ಆಗಿಲ್ಲ, ಎಲೆ ಹೊಳಪಿಗೆ ಅಂತ ಮಾರುತ್ತಾರೆ. ಹೂ ಬಿಟ್ಟ ಮೇಲಂತೂ ಯಾವ ಎಣ್ಣೆಯೂ ಬೇಡ. ಕೊನೆಗೆ ಅದು ಹೊಗೆಯಾಗಿ ಎದೆಗೇ ಹೋಗುವುದು ಅಲ್ವಾ.

ಇಷ್ಟಕ್ಕೂ ಬಗ್ಗದಿದ್ದರೆ ಪರ್ಸಿಮಿಲಿಸ್ ಅನ್ನುವ ಬೇಟೆ ನುಸಿ ಬಾಟಲಿಯಲ್ಲಿ ಸಿಗುತ್ತದೆ. ಕಿತ್ತಳೆ ಬಣ್ಣ, ಚುರುಕು. ಈ ಜಾತಿಯ ನುಸಿ ಬಿಟ್ಟು ಬೇರೇನೂ ತಿನ್ನುವುದಿಲ್ಲ. ನಮ್ಮ ಗ್ರೀನ್‌ಹೌಸಲ್ಲಿ ಅದರದ್ದೇ ರಾಜ್ಯ. ಆದರೆ ಗಾಳಿಯಲ್ಲಿ ತೇವ ಬೇಕು, ಕಿಂಡಿ ಪಕ್ಕ ಬಿಟ್ಟರೆ ಒಣಗಿ ಸಾಯುತ್ತದೆ.

ತೋಟಬಿಟ್ಟವ

16 ದಿನದ ನಂತರ ಬರೆಯುತ್ತಿದ್ದೇನೆ. ನಾಲ್ಕು ಸಲ ಸೋಪು ಆಯಿತು. ನಿನ್ನೆ ಹಾಳೆ ಹಿಡಿದು ತಟ್ಟಿದೆ, ಬಿದ್ದ ಧೂಳು ಧೂಳಾಗಿಯೇ ಇತ್ತು. ಹಳೆ ಚುಕ್ಕಿ ಹೋಗಲಿಲ್ಲ, ಹೊಸ ಎಲೆ ಮಾತ್ರ ಹಸಿರಾಗಿ ಬಂದಿದೆ. ಒಂದು ಸಸಿ ತೊಳೆಯುವಾಗ ನನ್ನ ಕೈಯಲ್ಲೇ ಮುರಿಯಿತು, ಅದು ನುಸಿಯ ತಪ್ಪಲ್ಲ.

ಕರಿಬೇವನ್ನು ಬೋಳು ಮಾಡಿ ಸ್ನಾನದ ತೊಟ್ಟಿಯಲ್ಲಿ ನಿಲ್ಲಿಸಿ ವಾರಕ್ಕೆರಡು ಸಲ ಶವರ್ ಕೊಡುತ್ತಿದ್ದೇವೆ. ಬುಡದಲ್ಲಿ ಎರಡು ಚಿಗುರು ಕಾಣಿಸಿವೆ. ಒಗ್ಗರಣೆಗೆ ಎಲೆ ಇಲ್ಲದ ಸಿಟ್ಟಿಗೆ ಹೆಂಡತಿ ಆ ಭೂತಗನ್ನಡಿಯನ್ನು ತಾನೇ ಇಟ್ಟುಕೊಂಡಿದ್ದಾಳೆ. ದಿನಾ ಬೆಳಗ್ಗೆ ಕಾಫಿ ಹಿಡಿದು ಹೋಗಿ ಎಣಿಸುತ್ತಾಳೆ, ನನ್ನ ಗಿಡದ್ದನ್ನೂ ಸೇರಿಸಿ.