ಮರದ ಸ್ಯಾಂಪಲ್ ಕ್ಯಾಟಲಾಗ್: ಎಕ್ಸೆಲ್‌ನಲ್ಲಿ ನಂಬರು ಕೆಡುತ್ತಿವೆ, ದಯವಿಟ್ಟು ಯಾರಾದರೂ ನೋಡಿ

ಗುಬ್ಬಿ_ಲ್ಯಾಬ್
ತುಮಕೂರಿನ ಒಂದು ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬಿನಲ್ಲಿದ್ದೇನೆ. ಬೀರುವಿನಲ್ಲಿರುವ ಹಳೆಯ ಮರದ ಸ್ಯಾಂಪಲ್‌ಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ಸಂಜೆ ಸೇವ್ ಮಾಡಿ ಬೆಳಿಗ್ಗೆ ತೆಗೆದರೆ ನಂಬರು ಕೆಟ್ಟಿರುತ್ತವೆ. ಎಲ್ಲ ಅಲ್ಲ, ಕೆಲವು ಮಾತ್ರ. ತಿದ್ದಿದರೂ ಮತ್ತೆ ಅದೇ ಕಥೆ. ವೈರಸ್ ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ. ತಲೆ ಕೆಟ್ಟುಹೋಗಿದೆ.

ನಂದಿ_ತಪ್ಪಲು
ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೀರಾ? ಹಾಗಾದರೆ ಅದೇ ಕಾರಣ. ಹಳೆಯ ನುಡಿ ಫಾಂಟು ಯೂನಿಕೋಡ್ ಅಲ್ಲ. ಮೊದಲು ಕನ್ವರ್ಟ್ ಮಾಡಿ.

ಗುಬ್ಬಿ_ಲ್ಯಾಬ್
ಮರದ ಹೆಸರುಗಳು ಸರಿಯಾಗೇ ಇವೆ ಸರ್. ನಂಬರು ಮಾತ್ರ ಕೆಡುತ್ತಿವೆ.

ನಂದಿ_ತಪ್ಪಲು
ಇರಲಿ ಮೇಡಂ, ಒಮ್ಮೆ ಕನ್ವರ್ಟ್ ಮಾಡಿ ನೋಡಿ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಫೈಲುಗಳೆಲ್ಲ ಇದರಿಂದಲೇ ಹಾಳಾಗಿದ್ದವು. ಯೂನಿಕೋಡ್ ಆದಮೇಲೆ ಒಂದು ತೊಂದರೆಯೂ ಬಂದಿಲ್ಲ.

ಹುಣಸೆ_ತೋಪು
ನಂಬರು ಹಾಗಿರಲಿ, ಹೆಸರು ಯಾವುದು ಹಾಕಿದ್ದೀರಿ? ಹಳೆಯ ಲೇಬಲ್‌ಗಳಲ್ಲಿ ಹೊಂಗೆಗೆ ಒಂದು ಕಡೆ ಪೊಂಗಾಮಿಯಾ ಗ್ಲಾಬ್ರಾ, ಇನ್ನೊಂದು ಕಡೆ ಡೆರಿಸ್ ಇಂಡಿಕಾ ಅಂತ ಇರುತ್ತದೆ. ಜಾಲಿ ಈಗ ಅಕೇಶಿಯಾ ಅಲ್ಲ, ವ್ಯಾಚೆಲಿಯಾ. ಎಲ್ಲ ಈಗಿನ ಹೆಸರಿಗೆ ತಿದ್ದಿಬಿಡಿ, ಇಲ್ಲದಿದ್ದರೆ ಹುಡುಕಿದಾಗ ಅರ್ಧ ಸಿಗುವುದಿಲ್ಲ.

ಕೋಲಾರ_ಕುಸುರಿ
ದಯವಿಟ್ಟು ತಿದ್ದಬೇಡಿ! ಲೇಬಲ್‌ನಲ್ಲಿ ಇರುವುದು ಇದ್ದಹಾಗೇ ಒಂದು ಕಾಲಂ, ಈಗಿನ ಹೆಸರು ಪಕ್ಕದ ಕಾಲಂ. ಹಳೆಯ ಹೆಸರು ಅಳಿಸಿದರೆ ಆ ತುಂಡನ್ನು ಯಾರು ಏನೆಂದು ಗುರುತಿಸಿದ್ದರು ಅನ್ನುವುದೇ ಹೋಗಿಬಿಡುತ್ತದೆ.

ಮೇಡಂ, ಕೆಟ್ಟ ನಂಬರು ಹೇಗೆ ಕಾಣುತ್ತದೆ? ರಿಜಿಸ್ಟರಿನಲ್ಲಿ ಹೇಗಿದೆ? ಎರಡೂ ಹಾಕಿ.

ಹುಣಸೆ_ತೋಪು
ಎರಡು ಕಾಲಂ ಅಂದರೆ ಎರಡು ಪಟ್ಟು ಕೆಲಸ. ಮಾಡುವವರು ಅವರೊಬ್ಬರೇ ಅಲ್ವಾ?

ಗುಬ್ಬಿ_ಲ್ಯಾಬ್
ರಿಜಿಸ್ಟರಿನಲ್ಲಿ 5-62, ಅಂದರೆ 1962ರ ಐದನೇ ಸ್ಯಾಂಪಲ್. ಅದು ಬುಕ್ಕಾಪಟ್ಟಣ ಕಡೆಯ ಕಮರ ಮರ. ಎಕ್ಸೆಲ್‌ನಲ್ಲಿ ‘ಮೇ-62’ ಅಂತ ಬರುತ್ತಿದೆ. ಸೆಲ್ಲನ್ನು ಟೆಕ್ಸ್ಟ್ ಮಾಡಿದರೆ 22767 ಆಗುತ್ತದೆ! ಅದರ ಮುಂದೆ ಇರುವ 17-62 ಸರಿಯಾಗಿದೆ.

ಕೋಲಾರ_ಕುಸುರಿ
ಸಿಕ್ಕಿತು. ಪ್ರತಿ ವರ್ಷದಲ್ಲೂ 1ರಿಂದ 12 ಮಾತ್ರ ಕೆಟ್ಟಿರಬೇಕು, ನೋಡಿ. ಹದಿನೇಳನೇ ತಿಂಗಳು ಇಲ್ಲವಲ್ಲ, ಅದಕ್ಕೆ 17-62 ಉಳಿದುಕೊಂಡಿದೆ. ಎಕ್ಸೆಲ್ 5-62 ಅನ್ನು 1962ರ ಮೇ 1 ಅಂತ ಓದುತ್ತದೆ. ಅದರ ಒಳಲೆಕ್ಕದಲ್ಲಿ ಆ ತಾರೀಖಿನ ಸಂಖ್ಯೆಯೇ 22767. ಫೈಲು ಸಿಎಸ್‌ವಿ (ಅಲ್ಪವಿರಾಮಗಳಿಂದ ಕಾಲಂ ಬೇರೆ ಮಾಡಿದ ಬರೀ ಅಕ್ಷರದ ಫೈಲು) ತಾನೇ? ಡಬಲ್ ಕ್ಲಿಕ್ ಮಾಡಿ ತೆರೆಯುತ್ತಿದ್ದೀರಾ?

ಗುಬ್ಬಿ_ಲ್ಯಾಬ್
ಹೌದು, ಸಿಎಸ್‌ವಿ. ಪಟ್ಟಿ ಕಳಿಸಬೇಕಾದ ಸಂಸ್ಥೆಯವರು ಅದೇ ಕೇಳಿದ್ದಾರೆ. ನೀವು ಹೇಳಿದ ಹಾಗೆ 1ರಿಂದ 12 ಮಾತ್ರವೇ ಕೆಟ್ಟಿವೆ!

ಕೋಲಾರ_ಕುಸುರಿ
ಸಿಎಸ್‌ವಿಯಲ್ಲಿ ಕಾಲಂ ಯಾವ ಬಗೆಯದು ಅನ್ನುವುದು ಉಳಿಯುವುದಿಲ್ಲ. ತೆರೆದಾಗಲೆಲ್ಲ ಎಕ್ಸೆಲ್ ತಾನೇ ಊಹಿಸುತ್ತದೆ. ಖಾಲಿ ಶೀಟು ತೆರೆದು ಡೇಟಾ ಮೆನುವಿನಿಂದ ಸಿಎಸ್‌ವಿ ಒಳಗೆ ತನ್ನಿ, ನಂಬರಿನ ಕಾಲಂ ಟೆಕ್ಸ್ಟ್ ಮಾಡಿ. ದಿನದ ಕೆಲಸ ಎಕ್ಸೆಲ್ ಫೈಲಿನಲ್ಲೇ ಇರಲಿ. ಕಳಿಸುವಾಗ ಮಾತ್ರ ಸಿಎಸ್‌ವಿ ಮಾಡಿ.

ಕೆಟ್ಟಿರುವುದನ್ನು ಕೈಯಲ್ಲಿ ಟೈಪ್ ಮಾಡಬೇಡಿ. ಟೆಕ್ಸ್ಟ್ ಫಾರ್ಮುಲಾದಲ್ಲಿ ತಿಂಗಳ ಅಂಕಿ, ಗೆರೆ, ವರ್ಷದ ಎರಡಂಕಿ ಅಂತ ಮಾದರಿ ಕೊಟ್ಟರೆ 5-62 ವಾಪಸ್ ಬರುತ್ತದೆ. ಆದರೆ 05-62 ಅಂತ ಇದ್ದಿದ್ದರೆ ಆ ಸೊನ್ನೆ ಬರುವುದಿಲ್ಲ. ಮರದ ಮೇಲೆ ಶಾಯಿಯಲ್ಲಿ ಬರೆದ ನಂಬರಿಗೆ ತಾಳೆ ನೋಡಲೇಬೇಕು.

ನಂದಿ_ತಪ್ಪಲು
ಯೂನಿಕೋಡ್ ಮಾಡಿಸಿಕೊಳ್ಳುವುದೂ ಒಳ್ಳೆಯದೇ. ಅದಕ್ಕಿಂತ 1, 2, 3 ಅಂತ ಹೊಸ ನಂಬರು ಕೊಟ್ಟುಬಿಟ್ಟರೆ ಈ ತಾಪತ್ರಯವೇ ಇಲ್ಲ.

ಕೋಲಾರ_ಕುಸುರಿ
ಹೊಸದು ಬೇಕಾದರೆ ಜೊತೆಗೆ ಕೊಡಿ, ಹಳೆಯದನ್ನು ತೆಗೆಯಬಾರದು. ಆ ತುಂಡಿನ ಮೇಲೆ ಯಾರಾದರೂ ಪ್ರಬಂಧ ಬರೆದಿದ್ದರೆ ಹಳೆಯ ನಂಬರಿನಿಂದಲೇ ಹುಡುಕಿಕೊಂಡು ಬರುತ್ತಾರೆ. ಯೇಲ್ ವಿಶ್ವವಿದ್ಯಾಲಯದ ಮರದ ಸಂಗ್ರಹ ಅಮೆರಿಕದ ಮ್ಯಾಡಿಸನ್‌ಗೆ ಹೋಯಿತು. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸ್ಯಾಂಪಲ್‌ಗಳಿವೆ. ಆದರೂ ಯೇಲ್‌ನ ತುಂಡುಗಳಿಗೆ ಎಸ್‌ಜೆಆರ್‌ಡಬ್ಲ್ಯು ಅನ್ನುವ ಹಳೆಯ ಗುರುತನ್ನೇ ಉಳಿಸಿದ್ದಾರೆ.

ಹುಣಸೆ_ತೋಪು
ಲೇಬಲ್ ಇಲ್ಲದ ತುಂಡುಗಳಿದ್ದರೆ ಚೂರು ಕೆತ್ತಿ ನೀರಿಗೆ ಹಾಕಿ. ಬಿಸಿಲಿಗೆ ಹಿಡಿದಾಗ ನೀರು ನೀಲಿ ಹೊಳೆದರೆ ಹೊನ್ನೆ. ನನ್ನ ಹತ್ತಿರ ಹತ್ತು ಪಟ್ಟಿನ ಲೆನ್ಸ್ ಇದೆ, ಮೊಬೈಲಿಗೆ ಕ್ಲಿಪ್ ಹಾಕಿದರೆ ಅಡ್ಡಕೊಯ್ತದ ರಂಧ್ರಗಳು ಎಣಿಸುವಷ್ಟು ಚೆನ್ನಾಗಿ ಕಾಣುತ್ತವೆ. ಫೋಟೋ ಹಾಕಲಾ?

ಕೋಲಾರ_ಕುಸುರಿ
ನೀಲಿ ಬಂದ ಮಾತ್ರಕ್ಕೆ ಹೊನ್ನೆ ಅನ್ನಲಾಗುವುದಿಲ್ಲ. ಅದೇ ಕುಲದ ಫಿಲಿಪ್ಪೀನ್ಸ್ ನಾರ್ರಾ ಮರವೂ ಹಾಗೇ ಹೊಳೆಯುತ್ತದೆ. ಅಂಥ ತುಂಡು ಬೆಂಗಳೂರು ಮಲ್ಲೇಶ್ವರದ ಐಡಬ್ಲ್ಯುಎಸ್‌ಟಿಗೆ (ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ) ತೋರಿಸಿ.

ಗುಬ್ಬಿ_ಲ್ಯಾಬ್
ಫಾರ್ಮುಲಾ ಹಾಕಿದೆ, 62 ಮತ್ತು 63ರವು ವಾಪಸ್ ಬಂದವು. ತುಂಬಾ ಉಪಕಾರವಾಯಿತು ಸರ್. ಇನ್ನೊಂದು ವಿಷಯ. 7-63 ಅಂತ ಎರಡು ತುಂಡುಗಳಿವೆ, ಒಂದು ತೇಗ, ಒಂದು ಬೇವು. ರಿಜಿಸ್ಟರಿನಲ್ಲಿ ತೇಗ ಅಂತಿದೆ. ಬೇವಿಗೆ ಏನು ಮಾಡಲಿ?

ಕೋಲಾರ_ಕುಸುರಿ
ಎರಡನ್ನೂ ನಂಬರು ಕಾಣುವ ಹಾಗೆ ಫೋಟೋ ತೆಗೆದು ಹಾಕಿ. 1 ಮತ್ತು 7 ಕೈಬರಹದಲ್ಲಿ ಒಂದೇ ಥರ ಇರುತ್ತವೆ. ರಿಜಿಸ್ಟರಿನಲ್ಲಿ 1-63ರ ಸಾಲು ಏನು ಹೇಳುತ್ತದೆ, ಮೊದಲು ಅದು ನೋಡಿ.

ಹುಣಸೆ_ತೋಪು
ಫೋಟೋಗೆ ಆ ಕ್ಲಿಪ್ ಲೆನ್ಸ್ ಚೆನ್ನಾಗಿ ಆಗುತ್ತದೆ ಮೇಡಂ. ಬೇಕಾದರೆ ಭಾನುವಾರ ತುಮಕೂರಿಗೆ ಬರುವಾಗ ತರುತ್ತೇನೆ.