‘ಥೋಂಗ್‌ಜಿ’ಗೆ ಕನ್ನಡದಲ್ಲಿ ‘ಸಂಗಾತಿ’ ಅಂದ್ರೆ ಆಗುತ್ತಾ?

ಶಿರಾ ಗೇಟ್, ತುಮಕೂರು:
ಚೀನೀ ಸಮಾಜಗಳಲ್ಲಿ ಸಲಿಂಗಿಗಳ ಬದುಕಿನ ಬಗ್ಗೆ ಓದುಗರ ಕೂಟದ ಹನ್ನೆರಡು ಪುಟದ ಕಿರುಹೊತ್ತಿಗೆ ಅಚ್ಚಿಗೆ ಹೋಗಬೇಕು. ಮೂರು ಕಡೆ ಅನುಮಾನ ಇದೆ. ಅಲ್ಲಿ ಸಲಿಂಗಿಗಳಿಗೆ ಬಳಸೋ ‘ಥೋಂಗ್‌ಜಿ’ ಪದಕ್ಕೆ ‘ಸಂಗಾತಿ’ ಅಂತ ಹಾಕಿದ್ದೀವಿ. ‘ಶಿಂಗ್‌ಹುನ್’ಗೆ ‘ಸುಳ್ಳು ಮದುವೆ’. ಕೊನೇ ಪುಟದಲ್ಲಿ ಒಂದು ಸಾಲು: ‘ಚೀನಾದಲ್ಲೂ ನಮ್ಮ 377ರಂಥ ಸೆಕ್ಷನ್ ಇತ್ತು, ತೈವಾನ್ 2017ರಲ್ಲಿ ಮದುವೆಗೆ ಕಾನೂನು ಮಾಡಿತು.’ ತಿಳಿದವರು ನೋಡಿ ಹೇಳಿ, ಪ್ರೂಫ್ ಇನ್ನೂ ಕೈಲಿದೆ.

ಅಂತರಗಂಗೆ, ಕೋಲಾರ:
‘ಸಂಗಾತಿ’ ಆಸೆ ಹುಟ್ಟಿಸೋ ಪದ, ಆದರೆ ಕೈಕೊಡುತ್ತೆ. ‘ಥೋಂಗ್’ ಅಂದ್ರೆ ಒಂದೇ, ‘ಜಿ’ ಅಂದ್ರೆ ಸಂಕಲ್ಪ. ಚೀನಾದ ಅರಸೊತ್ತಿಗೆಗೆ ಎದುರು ನಿಂತ ನಾಯಕ ಸುನ್ ಯಾತ್ ಸೆನ್ ಕಾಲದ ಕ್ರಾಂತಿಕಾರರ ಮಾತು ಇದು, ಆಮೇಲೆ ಕಮ್ಯುನಿಸ್ಟ್ ಪಕ್ಷದ ‘ಕಾಮ್ರೇಡ್’ ಆಯ್ತು. 1989ರಲ್ಲಿ ಹಾಂಗ್‌ಕಾಂಗ್‌ನ ರಂಗಕರ್ಮಿ ಎಡ್ವರ್ಡ್ ಲಾಮ್ ಸಲಿಂಗಿ ಚಿತ್ರೋತ್ಸವದ ಹೆಸರಿಗೆ ಇದನ್ನೇ ಎತ್ತಿಕೊಂಡರು. 1992ರ ಗೋಲ್ಡನ್ ಹಾರ್ಸ್ ಚಿತ್ರೋತ್ಸವದ ಮೂಲಕ ತೈವಾನಿನಲ್ಲೂ ಬೇರುಬಿಟ್ಟಿತು. ಪಕ್ಷದ ಗಂಭೀರ ಪದಕ್ಕೆ ಈ ಅರ್ಥ ತೊಡಿಸಿದ್ದರಲ್ಲಿ ಒಂಚೂರು ಕೀಟಲೆಯೂ ಇತ್ತು.

ಬಾಗೇಪಲ್ಲಿ ಕಡೆ ಕೆಂಬಾವುಟದ ಸಭೆಯಲ್ಲಿ ‘ಸಂಗಾತಿಗಳೇ’ ಅಂದಾಗ ಬರೋ ಅರ್ಥವೊಂದೇ ಇದ್ದಿದ್ರೆ ನಿಮ್ಮ ಪದ ಚೆನ್ನಾಗಿ ಕೂರುತ್ತಿತ್ತು. ಆದರೆ ಮಿಕ್ಕ ಕಡೆ ಸಂಗಾತಿ ಅಂದ್ರೆ ‘ಯಾರ ಸಂಗಾತಿ?’ ಅನ್ನೋ ಪ್ರಶ್ನೆ ಬೆನ್ನಿಗೇ ಬರುತ್ತೆ. ‘ಅವನು ಥೋಂಗ್‌ಜಿ’ ಅನ್ನೋದನ್ನ ‘ಅವನು ಸಂಗಾತಿ’ ಅಂತ ಓದಿ ನೋಡಿ, ವಾಕ್ಯ ಕುಂಟುತ್ತೆ. ಮೂಲಪದವನ್ನೇ ಉಳಿಸಿ, ಮೊದಲ ಸಲ ಬಂದಲ್ಲಿ ಒಂದು ಸಾಲು ವಿವರಣೆ ಕೊಡಿ. ಇನ್ನೊಂದು: ಪಕ್ಷದ ಕಾಗದಪತ್ರಗಳಲ್ಲಿ ಅದು ಇವತ್ತಿಗೂ ಕಾಮ್ರೇಡೇ. ಚೀನಾದ ಪ್ರಮುಖ ನಿಘಂಟಿನ 2012ರ ಆವೃತ್ತಿಯಲ್ಲಿ ಸಲಿಂಗಿ ಅನ್ನೋ ಅರ್ಥವನ್ನ ಬೇಕೆಂತಲೇ ಬಿಟ್ಟಿದ್ದರು. ಹಾಗಾಗಿ ಕಂಪ್ಯೂಟರಲ್ಲಿ ಒಂದೇ ಏಟಿಗೆ ಪದ ಬದಲಾಯಿಸಬೇಡಿ, ಒಂದೊಂದೇ ನೋಡಿ.

‘ಥೋಂಗ್‌ಶಿಂಗ್‌ಲಿಯೆನ್’ ಬಂದಲ್ಲೆಲ್ಲ ‘ಸಲಿಂಗಕಾಮ’ ಅಂತಿದ್ರೆ ಹೊಡೆದುಹಾಕಿ. ‘ಲಿಯೆನ್’ ಅಂದ್ರೆ ಪ್ರೀತಿ. ಮೂಲದಲ್ಲಿ ಇಲ್ಲದ ಕಾಮವನ್ನ ನಾವು ಯಾಕೆ ತುರುಕಬೇಕು? ‘ಸಲಿಂಗಪ್ರೇಮ’ ಸಾಕು. ಹೆಂಗಸರು ತಮ್ಮನ್ನು ಕರೆದುಕೊಳ್ಳೋ ‘ಲಾಲಾ’ ಬಂದಿದ್ದು 1994ರ ತೈವಾನಿ ಕಾದಂಬರಿಯೊಂದರ ನಾಯಕಿಯ ಅಡ್ಡಹೆಸರಿನಿಂದ. ಅದನ್ನ ಹಾಗೇ ಬಿಡಿ, ಹಿಂದಿಯ ಲಾಲಾ ಅಂದುಕೊಳ್ಳದ ಹಾಗೆ ಒಂದು ಟಿಪ್ಪಣಿ ಇರಲಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಕೊನೇ ಪುಟದ ಸಾಲು ಎರಡೂ ಕಡೆ ತಪ್ಪು.

ಸಲಿಂಗ ಸಂಬಂಧವನ್ನ ಅಪರಾಧ ಅನ್ನುತ್ತಿದ್ದ 377 ಬ್ರಿಟಿಷರು ನೆಟ್ಟ ಗಿಡ. ಅದರ ತಮ್ಮ 377ಎ ಇದ್ದದ್ದು ಸಿಂಗಪುರದಲ್ಲಿ; 2022ರ ನವೆಂಬರಲ್ಲಿ ಅಲ್ಲಿನ ಸಂಸತ್ತು ತೆಗೆಯಿತು, ಜೊತೆಗೇ ಮದುವೆಯ ವ್ಯಾಖ್ಯೆಯನ್ನ ಕೋರ್ಟು ಮುಟ್ಟದ ಹಾಗೆ ಸಂವಿಧಾನಕ್ಕೆ ಬೇಲಿಯನ್ನೂ ಹಾಕಿತು. ಹಾಂಗ್‌ಕಾಂಗ್‌ನಲ್ಲಿ ಅಪರಾಧ ಅನ್ನೋದು ಹೋಗಿದ್ದು 1991ರಲ್ಲಿ. ಕಮ್ಯುನಿಸ್ಟ್ ಚೀನಾದಲ್ಲಿ ಹೆಸರು ಹಿಡಿದು ಹೇಳೋ ಸೆಕ್ಷನ್ ಇರಲಿಲ್ಲ, ‘ಪುಂಡಾಟ’ ಅನ್ನೋ ಸಡಿಲ ಅಪರಾಧದಡಿ ಹಿಡಿಯುತ್ತಿದ್ದರು. 1997ರ ದಂಡಸಂಹಿತೆಯಲ್ಲಿ ಅದು ಹೋಯ್ತು.

ತೈವಾನಿನಲ್ಲಿ 2017ರ ಮೇ 24ಕ್ಕೆ ಬಂದದ್ದು ಸಾಂವಿಧಾನಿಕ ನ್ಯಾಯಾಲಯದ 748ನೇ ವ್ಯಾಖ್ಯಾನ: ಎರಡು ವರ್ಷದೊಳಗೆ ಕಾನೂನು ಮಾಡಿ ಅಂತ. ನಡುವೆ 2018ರ ಜನಮತದಲ್ಲಿ ‘ನಾಗರಿಕ ಸಂಹಿತೆಯ ಮದುವೆ ಗಂಡು-ಹೆಣ್ಣಿಗೇ ಇರಲಿ’ ಅನ್ನೋರು ಗೆದ್ದರು. ಅದಕ್ಕೇ ಸಂಹಿತೆ ತಿದ್ದದೆ ಬೇರೆ ಕಾಯ್ದೆ ತಂದರು. ಅದು ಜಾರಿಯಾದದ್ದು 2019ರ ಮೇ 24ಕ್ಕೆ. ಮಜಾ ಏನಂದ್ರೆ ಆ ಕಾಯ್ದೆಯ ಹೆಸರಲ್ಲಿ ‘ಮದುವೆ’ ಅನ್ನೋ ಪದವೇ ಇಲ್ಲ, ‘748ನೇ ವ್ಯಾಖ್ಯಾನದ ಅನುಷ್ಠಾನ ಕಾಯ್ದೆ’ ಅಷ್ಟೇ. ಮದುವೆ ನೋಂದಣಿಯ ಮಾತು ಒಳಗೆ ನಾಲ್ಕನೇ ಕಲಮಿನಲ್ಲಿದೆ.

ಮಧುಗಿರಿ ಬೆಟ್ಟ:
‘ಸುಳ್ಳು ಮದುವೆ’ ಬೇಡ. ಶಿಂಗ್‌ಹುನ್‌ನಲ್ಲಿ ಸಲಿಂಗಿ ಗಂಡು, ಸಲಿಂಗಿ ಹೆಣ್ಣು ಇಬ್ಬರೂ ತಿಳಿದೇ, ಅಪ್ಪ-ಅಮ್ಮನ ಕಣ್ಣಿಗಾಗಿ ಮದುವೆಯಾಗೋದು. ‘ತೋರಿಕೆ ಮದುವೆ’ ಸರಿಹೋಗುತ್ತೆ. ಕಾನೂನಿನ ಕಣ್ಣಲ್ಲಿ ಅದು ನಿಜವಾದ ಮದುವೆಯೇ: ನೋಂದಣಿ ಆದಮೇಲೆ ಆಸ್ತಿ, ಸಾಲ ಎಲ್ಲಾ ಅಂಟಿಕೊಳ್ಳುತ್ತೆ, 2021ರಿಂದ ಒಪ್ಪಿಗೆಯ ವಿಚ್ಛೇದನಕ್ಕೂ 30 ದಿನ ಕಾಯಬೇಕು. ಎಡವೋದು ಸಾಮಾನ್ಯವಾಗಿ ವಸಂತ ಹಬ್ಬಕ್ಕೆ ಯಾರ ಮನೆ, ಮೊಮ್ಮಗು ಯಾವಾಗ ಅನ್ನೋದರಲ್ಲಿ. ಸಂತಾನವಿಲ್ಲದಿರೋದೇ ಹೆತ್ತವರಿಗೆ ಮಾಡೋ ದೊಡ್ಡ ದ್ರೋಹ ಅಂತ ಪ್ರಾಚೀನ ಚೀನೀ ಚಿಂತಕ ಮೆನ್ಶಿಯಸ್ ಹೇಳಿದ್ದು ಇವತ್ತಿಗೂ ಮನೆಮಾತು. ಏನೂ ತಿಳಿಯದೆ ಸಲಿಂಗಿ ಗಂಡನ ಕೈಹಿಡಿದವಳಿಗೆ ‘ಥೋಂಗ್‌ಛಿ’ ಅನ್ನೋ ಬೇರೆ ಪದವೇ ಇದೆ. ಎರಡನ್ನೂ ಕಲಸಬೇಡಿ.

ಶಿರಾ ಗೇಟ್, ತುಮಕೂರು:
ಮೂರೂ ತಿದ್ದಿದೆ. ಚೀನಾದಲ್ಲಿ ಜೊತೆಗಿರೋ ಜೋಡಿಗೆ ಆಸ್ಪತ್ರೆಯಲ್ಲಿ ಸಹಿ ಹಾಕೋ ಹಕ್ಕು ಹೇಗೆ? ಒಂದು ಪ್ಯಾರಾಕ್ಕೆ ಜಾಗ ಇದೆ.

ಮಧುಗಿರಿ ಬೆಟ್ಟ:
ಚೀನಾದ ನಾಗರಿಕ ಸಂಹಿತೆಯ 33ನೇ ಕಲಮು. ಬುದ್ಧಿ ನೆಟ್ಟಗಿರೋವಾಗಲೇ ವಯಸ್ಕರು ಲಿಖಿತ ಒಪ್ಪಂದದಿಂದ ತಮ್ಮ ಪಾಲಕರನ್ನ ಆರಿಸಿಕೊಳ್ಳಬಹುದು, ನೆಂಟರೇ ಆಗಬೇಕಿಲ್ಲ. ಆಮೇಲೆ ತಕರಾರು ಬರದಿರಲಿ ಅಂತ ನೋಟರಿ ಕಚೇರಿಯಲ್ಲಿ ಮಾಡಿಸ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಅಂತ ಎರಡು ಬೇಕು. ಜನ ತಪ್ಪು ತಿಳಿಯೋದು ಇಲ್ಲೇ: ಪಾಲಕರನ್ನ ಆರಿಸಿಕೊಂಡವರು ಪ್ರಜ್ಞೆ ಅಥವಾ ತಿಳಿವಳಿಕೆ ಕಳೆದುಕೊಂಡ ಮೇಲಷ್ಟೇ ಅದಕ್ಕೆ ಜೀವ. ಮಾಮೂಲಿ ಚಿಕಿತ್ಸೆಗೆ ಅಧಿಕಾರ ಪತ್ರ ಬೇರೆ. ಸತ್ತ ಮೇಲೆ ಮನೆ, ದುಡ್ಡು ಜೊತೆಗಾರರಿಗೆ ಹೋಗಬೇಕಂದ್ರೆ ಉಯಿಲು ಬೇರೆ. ಅದಿಲ್ಲದಿದ್ರೆ ಎಲ್ಲಾ ಹೆತ್ತವರಂಥ ಕಾನೂನಿನ ವಾರಸುದಾರರ ಕಡೆಗೆ ಹೋಗುತ್ತೆ.