ಹಾಂಗ್‌ಕಾಂಗ್ ಟ್ರೇಲ್‌ವಾಕರ್: 100 ಕಿ.ಮೀ. ನಡೆಯೋಕೆ ತಯಾರಿ ಹೇಗೆ?

ಕರಾವಳಿಯವ: ಆಫೀಸಿನ ಮೂವರು ಸೇರಿ ನನ್ನನ್ನೂ ಆಕ್ಸ್‌ಫ್ಯಾಮ್ ಅನ್ನೋ ಸೇವಾಸಂಸ್ಥೆಯ ಟ್ರೇಲ್‌ವಾಕರ್ ನಡಿಗೆಗೆ ಎಳೆದಿದ್ದಾರೆ. ನಾಲ್ಕು ಜನರ ತಂಡ, 48 ಗಂಟೆಯೊಳಗೆ 100 ಕಿ.ಮೀ., ಜೊತೆಗೆ ದೇಣಿಗೆಯನ್ನೂ ಎತ್ತಬೇಕು. ನಾನು ಸಂಜೆ ವಾಕಿಂಗ್ ಹೋಗುವವನು ಅಷ್ಟೇ. ಆಗುತ್ತಾ ಇದು?

ಮೆಟ್ಟಿಲುಮಾರಿ: ಆಗುತ್ತದೆ, ಆದರೆ ಸಮತಟ್ಟು ರಸ್ತೆಯಲ್ಲಿ ಎಷ್ಟು ನಡೆದರೂ ಸಾಲದು. ಈ ನಡಿಗೆ ಸಾಗುವ ಬೆಟ್ಟದ ಹಾದಿ ಮ್ಯಾಕ್‌ಲಹೋಸ್ ಟ್ರೇಲ್‌ನಲ್ಲಿ ಏರು-ಇಳಿ ಜಾಸ್ತಿ, ಹಾಂಗ್‌ಕಾಂಗ್‌ನ ಅತಿ ಎತ್ತರದ ಬೆಟ್ಟ ತೈ ಮೋ ಶಾನ್ ಸಿಗುವುದೇ ಅರ್ಧ ದಾರಿ ಮುಗಿದ ಮೇಲೆ, ಅಷ್ಟರಲ್ಲಿ ಮಂಡಿ ಮಾತು ಕೇಳುವುದಿಲ್ಲ. 1981ರಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಶುರುವಾದದ್ದು ಸ್ವಾಮಿ ಈ ಟ್ರೇಲ್‌ವಾಕರ್! ಮೆಟ್ಟಿಲು ಹತ್ತಿ, ಇಳಿಯುವುದನ್ನೂ ಅಭ್ಯಾಸ ಮಾಡಿ. ರಾತ್ರಿ ಹೆಡ್‌ಟಾರ್ಚ್ ಹಾಕಿಕೊಂಡು ನಡೆದು ನೋಡಿ.

ಅವಲಕ್ಕಿಪ್ರಿಯೆ: ಹೊಸ ಶೂ ಬೇಡವೇ ಬೇಡ. ಕಾಟನ್ ಸಾಕ್ಸ್ ಕೂಡ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಇರುತ್ತವೆ, ಆಮೇಲೆ ಕಾಲ ತುಂಬ ಬೊಬ್ಬೆ. ಬರೀ ನೀರು ಕುಡಿಯಬೇಡಿ, ಉಪ್ಪಿನಂಶವೂ ಬೇಕು. ನಾನಾದರೆ ಖಾರ ಅವಲಕ್ಕಿ ಕಟ್ಟಿಕೊಳ್ಳುತ್ತೇನೆ.

ಕರಾವಳಿಯವ: ಥ್ಯಾಂಕ್ಸ್. ನಡೆಯುವುದಕ್ಕಿಂತ ದುಡ್ಡು ಕೇಳುವುದೇ ಕಷ್ಟ ಅನಿಸುತ್ತಿದೆ.

ಮೆಟ್ಟಿಲುಮಾರಿ: ವಾಟ್ಸಾಪ್ ಗುಂಪಿಗೆ ಹಾಕಿದರೆ ಎಲ್ಲರೂ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಒಬ್ಬೊಬ್ಬರಿಗೇ ಫೋನ್ ಮಾಡಿ, ಸಂಕೋಚ ಬಿಡಿ. ದುಡ್ಡು ನಿಮಗೋಸ್ಕರ ಕೇಳುತ್ತಿಲ್ಲ ಅಲ್ವಾ?